ಏಳ್ರಿ, ಜಮಖಾನ ಬೇಕಾಗೇತಿ

ಹಸೀನಾ ಆಪಾ ಕಾಲಿಟ್ಟ ಅಂಗಳದಲ್ಲಿ ಕೈಕಟ್ಟಿ ನೋಡುತ್ತ ನಿಂತವರು ಯಾರೂ ಉಳಿಯುತ್ತಿರಲಿಲ್ಲ. ಎಲ್ಲರಿಗೂ ಕೆಲಸ ಸಿಗುತ್ತಿತ್ತು. ಬುದ್ಧಿಮಾಂದ್ಯ ಮಗನೋ ಮಗಳೋ ಪಾತ್ರೆ ಎಸೆಯುತ್ತಿದ್ದಾರೆ, ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದಾರೆ ಎಂದರೆ ಸಾಕು, ಇಡೀ ಓಣಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಆ ಗುಂಪನ್ನು ಆಪಾ ಒಮ್ಮೆಯೂ "ಹೋಗ್ರಿ" ಎಂದು ಗದರಿದವರಲ್ಲ. "ತಮ್ಮಾ, ಆ ಗಿರಣಿ ಚೂರು ಬಂದ್ ಮಾಡಸು. ಯಕ್ಕಾ, ನಿನ್ನ ನಾಯಿ ಒಳಗ ಕಟ್ಟು. ನೀ ತಣ್ಣನ ನೀರು ತಗೊಂಡ ಬಾ." ಹೀಗೆ ಒಬ್ಬೊಬ್ಬರನ್ನೇ ಬಿಡಿಸಿ ಕಳಿಸುತ್ತಿದ್ದರು. ಹೆಚ್ಚು ಒದರುವವನನ್ನು ಹೆಚ್ಚು ದೂರ ಕಳಿಸಬೇಕೆಂಬುದು ಅವರ ನಿಯಮ. ಇಟ್ಟಂಗಿಹಾಳದಲ್ಲಿ ಒಬ್ಬ "ಹಗ್ಗ ತರ್ರಿ, ಕಟ್ರಿ ಆಕೀನ" ಎಂದು ಕುಣಿಯುತ್ತಿದ್ದ. ಅವನನ್ನು ಐಸ್ ತರಲು ಅಥಣಿ ರಸ್ತೆಯ ಅಂಗಡಿಗೆ ಅಟ್ಟಿದರು. ಅವನು ಬೆವರು ಸುರಿಸುತ್ತ ಮರಳಿ ಬರುವಷ್ಟರಲ್ಲಿ ಆ ಹುಡುಗಿ ಸಮಾಧಾನವಾಗಿ ರೊಟ್ಟಿ ತಿನ್ನುತ್ತ ಕುಳಿತಿದ್ದಳು.

"ಐಸ್ ಯಾರಿಗ್ರಿ?" ಎಂದ.

"ನಿನ್ನ ತಲಿ ಮ್ಯಾಲ ಇಟ್ಕೋ ಯಪ್ಪಾ, ಭಾಳ ಕಾದೈತಿ."

ಆಪಾ ಮನೋರೋಗ ವಿಭಾಗದಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ವಿಜಯಪುರದ ನಮ್ಮ ಸಣ್ಣ ಸಂಸ್ಥೆಯಲ್ಲಿ ಸಂಯೋಜಕಿ ಎಂದು ಬಂದು ಸೇರಿದ್ದರು. ಬುದ್ಧಿಮಾಂದ್ಯರಿಗೆ ಮನಸ್ಸು ಕೆಟ್ಟಾಗ, ಮೈ ಕೆಟ್ಟು ಹಾಗೆ ಕಂಡಾಗ, ಮನೆಯವರು ನಮಗೆ ಫೋನ್ ಮಾಡುತ್ತಾರೆ. ಡಾಕ್ಟರು, ವಾಹನ, ಆ ಹುಡುಗನ ಶಾಲೆಯ ಟೀಚರು, ಒಮ್ಮೊಮ್ಮೆ ಪೊಲೀಸರು, ಇವರನ್ನೆಲ್ಲ ಒಂದೇ ಗಂಟಿಗೆ ತರುವುದು ನಮ್ಮ ಕೆಲಸ. ಗಂಟು ಹಾಕುವ ಕೈ ಆಪಾ ಅವರದು. ಪೊಲೀಸರು ಬಂದರೆ ರಸ್ತೆಯಲ್ಲೇ ತಡೆಯುತ್ತಿದ್ದರು: "ಸಾಹೇಬ್ರ, ಲಾಠಿ ಗಾಡ್ಯಾಗ ಇಟ್ಟ ಬರ್ರಿ. ಟೊಪಗಿನೂ." ಟೊಪ್ಪಿಗೆ ತೆಗೆಯಲು ಒಪ್ಪದ ಒಬ್ಬ ಪೊಲೀಸಪ್ಪನನ್ನೂ ನಾನು ನೋಡಿಲ್ಲ.

ನಮ್ಮಪ್ಪ ಎಪಿಎಂಸಿಯಲ್ಲಿ ಹಮಾಲಿ ಮಾಡಿದವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಎಂಎಸ್‌ಡಬ್ಲ್ಯು ಮುಗಿಸಿ ಈ ಕೆಲಸಕ್ಕೆ ಬಂದೆ. ಇದನ್ನು ಮೊದಲನೆಯ ದಿನವೇ ಹೇಳಿದ್ದೆ, ಆಪಾ ಅಂದಿನಿಂದ ನನಗೆ "ಡಿಗ್ರಿ" ಎಂದೇ ಹೆಸರಿಟ್ಟರು. ನಾನು "ಸಿಟ್ಟಿಗೆದ್ದಿದ್ದಾನೆ" ಎಂದು ವರದಿ ಒಪ್ಪಿಸಿದರೆ ಕಾಡಿಗೆ ತೀಡಿದ ಕಣ್ಣು ಎತ್ತಿ ನೋಡುತ್ತಿದ್ದರು. "ಸಿಟ್ಟ ಬಿಡು ಡಿಗ್ರಿ. ಹಲ್ಲ ನೂಸಾಕತ್ತಾವೇನು? ಸಂಡಾಸ ಆಗೇತೇನು? ಮನ್ಯಾಗ ಯಾರರ ಹ್ವಾದ್ರೇನು? ಬಾಯಿಲೆ ಹೇಳಾಕ ಬರಲಾರದವರು ಮೈಲೆ ಹೇಳತಾರ."

ನಾನು ಹೇಳಹೊರಟಿದ್ದು ತಿಕೋಟಾದ ಒಂದು ಮಧ್ಯಾಹ್ನದ ಮಾತು.

ನಾವಿಬ್ಬರೂ ಬಬಲೇಶ್ವರದಲ್ಲಿ ಒಂದು ಮನೆಗೆ ಹೋಗಿದ್ದೆವು. ಅಲ್ಲಿಗೆ ಫೋನ್ ಬಂತು. ದನಿ ಪಿಸುಗುಡುತ್ತಿತ್ತು, ಹಿಂದೆ ಪಾತ್ರೆಗಳ ಸದ್ದು.

"ಆಪಾ, ದಾನಮ್ಮ ಮಾತಾಡಾಕತ್ತೇನಿ. ಅಣ್ಣನ ಕುತ್ತಿಗಿ ಒಂದ ಕಡೆ ಹೊಳ್ಳಿ ನಿಂತೇತಿ. ನಾಲಿಗಿ ಹೊರಗ ಬಂದೇತಿ. ಕಣ್ಣ ಮ್ಯಾಲಕ್ಕ ಹೋಗ್ಯಾವ."

ತಿಕೋಟಾದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಚನ್ನಪ್ಪನವರ ಮಗಳು ದಾನಮ್ಮ. ಅವಳ ಅಣ್ಣ ಗುರುಪಾದ ಮೂವತ್ತರ ಆಳು, ಬುದ್ಧಿ ಐದಾರು ವರ್ಷದ ಕೂಸಿನದು. ಇಬ್ಬರೂ ನಮಗೆ ಪರಿಚಿತರೇ.

"ಏನ ಕೊಟ್ಟೀರಿ?" ಆಪಾ ಕೇಳಿದರು. ಸುದ್ದಿ ಕೆಟ್ಟದಾದಷ್ಟೂ ಅವರ ದನಿ ತಗ್ಗುತ್ತಿತ್ತು.

"ಇವತ್ತ ನನ್ನ ಮಾತುಕತಿ ಐತ್ರಿ. ಗಂಡಿನವರು ಬಂದು ಹೋಗೂತನಕ ಮಲಗಿರಲಿ ಅಂತ ಅಪ್ಪಾ ಮುಂಜಾನಿ ಅವನ ದಿನದ ಗುಳಗಿ ದುಪ್ಪಟ್ಟ ಕೊಟ್ಟಾನ."

"ಉಸರು?"

"ಕರಕರ ಅನ್ನಾಕತ್ತೈತಿ."

"ಬಾಯಾಗ ನೀರು ಹಾಕಬ್ಯಾಡ. ಒಂದ ಮಗ್ಗಲಾ ಮಲಗಸು. ಬಂದ್ವಿ."

ಅಂಬುಲೆನ್ಸ್ ಬೇರೆ ರೋಗಿಗಾಗಿ ಕಳ್ಳಕವಟಗಿ ಕಡೆ ಹೋಗಿತ್ತು. ನಮ್ಮ ವ್ಯಾನು ಅಡ್ಡರಸ್ತೆ ಹಿಡಿಯಿತು. ಆಪಾ ಮೊದಲು ವಿಜಯಪುರದ ಡಾಕ್ಟರಿಗೆ ಫೋನ್ ಹಚ್ಚಿದರು. ಈ ಗುಳಿಗೆ ಹೆಚ್ಚಾದರೆ ಕೆಲವರ ಸ್ನಾಯುಗಳು ಹೀಗೆ ಸೆಟೆಯುತ್ತವೆ, ಒಂದು ಸೂಜಿ ಚುಚ್ಚಿದರೆ ಇಳಿಯುತ್ತದೆ, ಗಂಟಲು ಬಿಗಿದುಕೊಂಡರೆ ಮಾತ್ರ ಜೀವಕ್ಕೇ ಅಪಾಯ ಎಂದರು ಅವರು. ಕೂಡಲೇ ತಿಕೋಟಾ ದವಾಖಾನೆಯ ನರ್ಸಿಗೆ ಫೋನು: "ಆ ಸೂಜಿ ಐತೇನ್ ನೋಡವ್ವಾ. 'ಇರಬೇಕ್ರಿ' ಅನಬ್ಯಾಡ, ಎದ್ದು ಹೋಗಿ ಕೈಯಾಗ ಹಿಡದ ಹೇಳು." ಆಕೆ ಎದ್ದು ಹೋಗಿ ಕೈಯಲ್ಲಿ ಹಿಡಿದು ಹೇಳುವವರೆಗೂ ಫೋನ್ ಇಡಲಿಲ್ಲ.

ಚನ್ನಪ್ಪನವರು ಬಾಗಿಲಲ್ಲೇ ಅಡ್ಡ ನಿಂತರು. ಬಿಳಿ ಅಂಗಿ, ಹೊಸ ಧೋತರ, ಹಣೆ ತುಂಬ ವಿಭೂತಿ. ಕೆಟ್ಟ ಮನುಷ್ಯನಲ್ಲ. ಮಗನಿಗೆ ದಿನಾ ತಾವೇ ಸ್ನಾನ ಮಾಡಿಸಿ ಉಗುರು ತೆಗೆಯುವವರು. ಆದರೆ ಬಂದವರಿಗೆ ಗುರುಪಾದ ಎಂಬುವನೊಬ್ಬ ಇದ್ದಾನೆಂದೇ ಹೇಳಿರಲಿಲ್ಲ.

"ಕೈ ಮುಗೀತೀನಿ ಆಪಾ. ಎಲಿ ಹಾಕಾಕತ್ತೇವಿ. ಇನ್ನ ಅರ್ಧಾ ತಾಸು ತಡೀರಿ. ಅವರು ಉಂಡು ಹ್ವಾದ ಕೂಡ್ಲೆ ನಾನ ಎತ್ಕೊಂಡ ಬರತೀನಿ."

"ಹಿತ್ತಲ ಬಾಗಿಲಾ ಐತೇನ್ರಿ?"

"ಇಲ್ರಿ. ಅಣತಮ್ರು ಬ್ಯಾರೆ ಆದಾಗ ಗ್ವಾಡಿ ಕಟ್ಟೇವಿ."

ಒಳಗಿನ ಖೋಲಿಯಿಂದ ಗೋಡೆಗೆ ಏನೋ ಬಡಿದ ಸದ್ದು ಕೇಳಿತು. ಪಡಸಾಲೆಯಲ್ಲಿ ನಗು ಒಮ್ಮೆಗೇ ನಿಂತಿತು.

"ಚನ್ನಪ್ಪಣ್ಣಾ, ನಾ ತಡದೇನು. ಅವನ ಗಂಟಲಾ ತಡೀಬೇಕಲ್ಲ?" ಎಂದು ಆಪಾ ಅವರ ಪಕ್ಕದಿಂದಲೇ ಒಳಗೆ ನಡೆದರು.

ಖೋಲಿಯಲ್ಲಿ ದಾನಮ್ಮ ಇಳಕಲ್ ಸೀರೆಯಲ್ಲಿ ನೆಲಕ್ಕೆ ಕುಳಿತು ಅಣ್ಣನ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ಸೆರಗಿಗೆಲ್ಲ ಜೊಲ್ಲು. ಗುರುಪಾದನ ಕುತ್ತಿಗೆ ಯಾರೋ ತಿರುವಿಟ್ಟ ಹಾಗೆ ಹೆಗಲಿಗೆ ಹತ್ತಿತ್ತು. ಕಣ್ಣಲ್ಲಿ ಬಿಳಿಯಷ್ಟೇ ಕಾಣುತ್ತಿತ್ತು. ಒಂದೊಂದು ಉಸಿರಿಗೂ ಎದೆ ಒಳಕ್ಕೆ ಜಗ್ಗುತ್ತಿತ್ತು. ಅಂಜಿ ಕೈಬೀಸಿದ, ಏಟು ನನ್ನ ಕೆನ್ನೆಗೆ ಬಿತ್ತು. ಆಪಾ ಅವನನ್ನು ಮುಟ್ಟಲಿಲ್ಲ. ಮುಖದ ಮಟ್ಟಕ್ಕೆ ಬಾಗಿ, "ಗುರುಪಾದಾ, ನಾನು ಹಸೀನಾ. ಗಾಡ್ಯಾಗ ಹೋಗೂಣು. ಕುತ್ತಿಗಿ ನೂಸೂದು ನಿಲ್ತೈತಿ," ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಬೀಸುವ ಕೈ ಸಾವಕಾಶವಾಗಿ ಇಳಿಯಿತು.

ಆದರೆ ಅವನು ನಡೆಯುವಂತಿರಲಿಲ್ಲ, ಇಬ್ಬರು ಮೂವರು ಎತ್ತುವ ಆಳೂ ಅಲ್ಲ. ಮನೆಯಲ್ಲಿ ಅವನ ಭಾರ ತಾಳುವ ಬಟ್ಟೆ ಎಂದರೆ ಒಂದೇ ಒಂದು ಜಮಖಾನ. ಅದರ ಮೇಲೆ ಗಂಡಿನ ಕಡೆಯವರು ಕುಳಿತಿದ್ದರು.

ಆಪಾ ಹೊರಗೆ ಬಂದು ಪಡಸಾಲೆಯ ನಡುವೆ ನಿಂತರು.

"ಏಳ್ರಿ ಎಲ್ಲಾರೂ, ಜಮಖಾನ ಬೇಕಾಗೇತಿ."

ಯಾರೂ ಅಲ್ಲಾಡಲಿಲ್ಲ. ಗಂಡಿನ ತಾಯಿ ಚನ್ನಪ್ಪನವರ ಮುಖ ನೋಡಿದಳು. ಅವರು ನೆಲ ನೋಡುತ್ತಿದ್ದರು.

"ಒಳಗ ಹುಡುಗಿ ಅಣ್ಣ ಉಸರಿಗೆ ತಿಣಕಾಡಾಕತ್ತಾನ. ಯಜಮಾನ್ರ, ನೀವು ಈ ಮೂಲಿ ಹಿಡೀರಿ. ಮದುವಿ ಗಂಡಾ ನೀನೇನು? ಬಾ, ಗಟ್ಟಿ ಕಾಣ್ತಿ, ತಲಿ ಕಡೆ ನಿಂದರು. ಅವ್ವಾರ, ನೀವು ಆ ಚಪ್ಪಲಿ ಎಲ್ಲಾ ಬಾಜೂಕ ಸರಸ್ರಿ, ಎಡವತಾರ."

ಮೊದಲು ಎದ್ದದ್ದು ಗಂಡು. ಆಮೇಲೆ ಅವನ ಕಾಕಾ. ತಲೆಯ ಕಡೆ ಅವರಿಬ್ಬರು, ಕಾಲ ಕಡೆ ಚನ್ನಪ್ಪನವರು ಮತ್ತು ನಮ್ಮ ಡ್ರೈವರ್. ಕುಂಕುಮದ ತಟ್ಟೆ ದಾಟಿ, ಹಾಕಿದ ಎಲೆ ದಾಟಿ, ಮಾತುಕತೆಗೆ ಬಂದವರೇ ಗುರುಪಾದನನ್ನು ಹೊತ್ತು ವ್ಯಾನಿಗೆ ತಂದರು. ದಾನಮ್ಮ ಯಾರನ್ನೂ ಕೇಳದೆ ಹತ್ತಿ ಅಣ್ಣನ ಪಕ್ಕ ಕುಳಿತಳು. ದಾರಿಯಲ್ಲಿ ಆ ಕರಕರ ಒಮ್ಮೆ ಪೂರ್ತಿ ನಿಂತಿತು. ಆಪಾ ಅವನ ಗದ್ದ ಎತ್ತಿ ಹಿಡಿದರು. ಮತ್ತೆ ಶುರುವಾಗುವತನಕ ಕೈ ಬಿಡಲಿಲ್ಲ.

ನರ್ಸ್ ಸೂಜಿ ತುಂಬಿ ದವಾಖಾನೆಯ ಬಾಗಿಲಲ್ಲೇ ನಿಂತಿದ್ದಳು. ಕುತ್ತಿಗೆ ನಮ್ಮ ಕಣ್ಣೆದುರೇ ಮೆಲ್ಲಗೆ ನೆಟ್ಟಗಾಯಿತು. ಗುರುಪಾದ ಸುತ್ತ ನೋಡಿ, ತಂಗಿಯ ಸೀರೆ ನೋಡಿ, "ಹೋಳಗಿ ಮುಗದ್ವು?" ಎಂದ. ದಾನಮ್ಮ ನಕ್ಕಳು, ಕೂಡಲೇ ಅತ್ತಳು.

ಸಂಬಂಧ ಮುರಿಯಿತು. ಹುಡುಗಿ ಚೊಲೋ ಅದಾಳ, ಮನೆತನದ ರಕ್ತದಾಗ ಹಿಂಗ ಐತಿ ಅಂತ ಗೊತ್ತಿರಲಿಲ್ಲ ಎಂದು ಹೇಳಿಕಳಿಸಿದರು. ಚನ್ನಪ್ಪನವರು ನಮ್ಮ ಆಫೀಸಿಗೆ ಬಂದು ಆಪಾ ಮುಂದೆ ಒದರಾಡಿದರು: "ಅರ್ಧಾ ತಾಸು! ಅರ್ಧಾ ತಾಸು ಬೇಡಿದ್ದೆ ನಾನು! ನನ್ನ ಮಗಳ ಬಾಳಿಗೆ ಬೆಂಕಿ ಹಚ್ಚಿದಿ." ನಾನು ಎದುರು ಮಾತಾಡಲು ಎದ್ದೆ. ಆಪಾ ಕಣ್ಣಿನಲ್ಲೇ ಕೂರಿಸಿದರು. ಚನ್ನಪ್ಪನವರು ಬೈದು ದಣಿದ ಮೇಲೆ ನೀರು ಕೊಟ್ಟು ಒಂದೇ ಮಾತು ಕೇಳಿದರು: "ಗುಳಗಿ ಈಗ ಯಾರ ಕಡೆ ಇರತಾವ್ರಿ?" ಚನ್ನಪ್ಪನವರು ತಲೆ ತಗ್ಗಿಸಿ, "ದಾನಮ್ಮನ ಕಡೆ," ಎಂದು ಹೊರಟುಹೋದರು.

ಅಲ್ಲಿಂದ ಮುಂದೆ ತಿಕೋಟಾದ ಹೆಸರು ಬಂದಾಗಲೆಲ್ಲ ಆಪಾ ಕೇಳುತ್ತಿದ್ದುದು ಒಂದೇ: "ಆ ಹುಡಿಗೀದು ಏನಾತ ಬೇ?" ಏನೂ ಆಗಿರಲಿಲ್ಲ, ಬೇರೆ ಸಂಬಂಧ ಕೂಡಿಬಂದಿರಲಿಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅವರ ಮನೆಯಲ್ಲಿ. ಎದೆಯಲ್ಲಿ ತುಂಬಿದ್ದ ನೀರನ್ನು ಆಸ್ಪತ್ರೆಯಲ್ಲಿ ತೆಗೆಸಿಕೊಂಡು ಬಂದು ಮಲಗಿದ್ದರು. ಆ ತಿಂಗಳು ಮುಗಿಯುವ ಮೊದಲೇ ತೀರಿಕೊಂಡರು. ನಾನು ನೋಡಲು ಹೋದ ಆ ದಿನ ದಾನಮ್ಮನೂ ಗುರುಪಾದನೂ ನನ್ನ ಜೊತೆ ಬಂದಿದ್ದರು. ಗುರುಪಾದ ಬಿಸ್ಕಿಟು ಚಹಾದಲ್ಲಿ ಅದ್ದಿ ಅದ್ದಿ ಕಳೆದುಕೊಳ್ಳುತ್ತಿದ್ದ.

"ಆಪಾ, ಒಂದ ಕೇಳತೀನಿ, ಖರೇ ಹೇಳ್ರಿ," ಎಂದಳು ದಾನಮ್ಮ. "ಅಪ್ಪಾ ಅಂದಂಗ ಅವತ್ತ ಅರ್ಧಾ ತಾಸು ತಡದಿದ್ರ ಅಣ್ಣ ಉಳೀತಿದ್ದಿಲ್ಲೇನು?"

ಡಾಕ್ಟರು ಹೇಳಿದ್ದನ್ನು ಹೇಳಲು ನಾನು ಬಾಯಿ ತೆರೆದೆ. ಆಪಾ ಕೈ ಎತ್ತಿ ತಡೆದರು.

"ಉಳದರೂ ಉಳೀತಿದ್ದವ್ವಾ. ನನಗ ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ." ಉಸಿರು ತೆಗೆದುಕೊಂಡು ಮತ್ತೆ ಹೇಳಿದರು: "ನನ್ನಿಂದ ನಿನ್ನ ಮಾತುಕತಿ ಮುರೀತು."

"ನಿಮ್ಮಿಂದ ಹೆಂಗ್ರಿ?" ದಾನಮ್ಮನ ದನಿ ಏರಿತು. "ಫೋನ್ ಹಚ್ಚಿದಾಕಿ ನಾನು. ಪಡಸಾಲ್ಯಾಗ ಯಾರ ಕುಂತಾರ, ಮನಿಗೆ ಬಾಗಲಾ ಎಷ್ಟ ಅದಾವ, ಎಲ್ಲಾ ಗೊತ್ತಿದ್ದ ಹಚ್ಚೀನಿ. ತಡಿಯೂದಿದ್ರ ನಾನ ತಡೀತಿದ್ನಿಲ್ಲೇನು?"

ಆಪಾ ದಿಂಬಿಗೆ ಒರಗಿ ಎದ್ದು ಕುಳಿತು ಅವಳ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಡಿಗ್ರಿ, ಈಕಿ ನಂಬರ ಐತಿಲ್ಲ ನಿನ್ನ ಕಡೆ? ತಿಕೋಟಾ ಕಡೆ ಯಾರ ಮನ್ಯಾಗ ಏನರ ಆದ್ರ ಮೊದಲ ಈಕಿಗೆ ಫೋನ್ ಹಚ್ಚು."

ಈಗ ಹಾಗೇ ಮಾಡುತ್ತೇನೆ.