ಕಂಪ್ಯೂಟರಿನ ಹೊಟ್ಟೆಗೆ ಕುಂಕುಮ

ಆಗೆಲ್ಲ ಅವಲಪಲ್ಲಿಯ ನಮ್ಮ ಬೀದಿಗೇ ಒಂದು ಕಂಪ್ಯೂಟರು, ಅದು ನಮ್ಮನೆಯದು. ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದ ಅಕ್ಕನಿಗೆಂದು ಅಪ್ಪ ತಂದ ಹಳೇ ಪೆಟ್ಟಿಗೆ. ಬೇಗ ಕಾಯುತ್ತದೆಂದು ಅಕ್ಕ ಅದರ ಪಕ್ಕದ ತಗಡನ್ನು ಬಿಚ್ಚಿಯೇ ಇಟ್ಟಿರುತ್ತಿದ್ದಳು. ಒಳಗೆ ತಿರುಗುವ ಫ್ಯಾನಿಗೆ ಕಾಗದದ ಚೂರು ಹಿಡಿದು ಬೈಸಿಕೊಳ್ಳುವುದೇ ನನಗೆ ಆಟ.

ಆಯುಧಪೂಜೆ ಬಂತೆಂದರೆ ಮನೆ ತುಂಬ ಸಾಂಬ್ರಾಣಿ ಹೊಗೆ, ಚೆಂಡುಹೂವಿನ ಘಾಟು, ಅಪ್ಪನ ಕಾರ್ಖಾನೆಯಲ್ಲಿ ಕೊಟ್ಟ ಪುರಿ-ಕಡಲೆ ಪೊಟ್ಟಣ. ಆ ವರ್ಷ ಹಬ್ಬಕ್ಕೆ ಬೇರಿಕೆ ಹಳ್ಳಿಯಿಂದ ಅಜ್ಜಿ ಬಂದಿದ್ದಳು. ಕುಡುಗೋಲು, ನೇಗಿಲಿಗೆ ಪೂಜೆ ಮಾಡಿ ಪಳಗಿದ ಕೈ, ಹೊರಗೊಂದು ಬೊಟ್ಟಿಟ್ಟು ಸುಮ್ಮನಾಗುತ್ತದೆಯೇ? ದುಡಿಯುವುದು ಒಳಗಿರುವುದೇ ತಾನೇ ಎಂದು ಪೆಟ್ಟಿಗೆಯೊಳಗಿನ ಒಂದೊಂದಕ್ಕೂ ಚಿಟಿಕೆ ಚಿಟಿಕೆ ಕುಂಕುಮ ಹಾಕಿ ಕೈಮುಗಿದಳು.

ಮಾರನೆಯ ದಿನ ಅಕ್ಕ ತನ್ನ ಪ್ರಾಜೆಕ್ಟು ಟೈಪು ಮಾಡುತ್ತಿದ್ದಾಗ ಪರದೆ ತಟ್ಟನೆ ಆರಿಹೋಯಿತು. ಮತ್ತೆ ಹಾಕಿದರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಒಳಗಿಂದ ಬೀಪ್, ಬೀಪ್ ಎಂಬ ಉದ್ದುದ್ದ ಕೂಗು.

"ಪೋಚ್ಚು!" ಅಂದಳು ಅಕ್ಕ. ನಮ್ಮದು ಗಡಿಯಾಚೆಯ ಊರು, ಅವಳು ಓದಿದ್ದೆಲ್ಲ ತಮಿಳಿನಲ್ಲಿ, ಹಾಗಾಗಿ ಅವಳಿಗೆ ಗಾಬರಿಯೂ ತಮಿಳಿನಲ್ಲೇ ಆಗುತ್ತಿತ್ತು. ಎಲ್ಲಾ ಹೋಯ್ತು ಅಂದದ್ದು ಅಜ್ಜಿಗೂ ತಿಳಿಯಿತು.

ಅವತ್ತು ಅಜ್ಜಿ ತಟ್ಟೆ ಮುಟ್ಟಲಿಲ್ಲ. "ಉಣ್ಣವ್ವಾ, ಮುದ್ದೆ ಆರೋಗ್ತದೆ" ಎಂದು ಅಪ್ಪ ಬೇಡಿಕೊಂಡ.

"ಮಗಿನ ಓದು ನನ್ನ ಕೈಯಾರೆ ಕೆಡಿಸ್ಬುಟ್ನಲ್ಲಾ. ಅದು ಸರಿಹೋಗೋಗಂಟ ತುತ್ತು ಇಳಿಯಲ್ಲ ಕಣ್ಲಾ" ಅಂದಳು ಅಜ್ಜಿ.

ಅಕ್ಕ ಮೊದಲು ಪರದೆಯ ತಂತಿ ಬದಲಿಸಿ ನೋಡಿದಳು. ಆಗಲಿಲ್ಲ. ಆಮೇಲೆ ಕಿವಿಗೊಟ್ಟು ಕೂತು, "ಈ ಕೂಗು ಮೆಮೊರಿದು" ಅಂದಳು. ಪ್ಲಗ್ಗು ಕಿತ್ತು, ಒಳಗಿಂದ ಗೇಣುದ್ದಕ್ಕೂ ಕಡಿಮೆಯ ಹಸಿರು ಪಟ್ಟಿಯೊಂದನ್ನು ತೆಗೆದಳು. ಅದರ ಚಿನ್ನದ ಬಣ್ಣದ ಅಂಚನ್ನು ನನ್ನ ಪೆನ್ಸಿಲ್ ರಬ್ಬರಿನಿಂದ ಉಜ್ಜಿದಳು. ರಬ್ಬರು ಕೆಂಪಾಯಿತು. ಪಟ್ಟಿ ಕೂರುವ ಸಂದನ್ನೂ ಬ್ರಷ್ಷಿನಿಂದ ಕೆದಕಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿದಳು. ಸ್ವಿಚ್ಚು ಹಾಕಿದರೆ ಒಂದೇ ಸಣ್ಣ ಬೀಪು, ಪರದೆ ಬೆಳಗಿತು!

ಅಜ್ಜಿ ಅಡುಗೆಮನೆಯಿಂದ ಓಡಿಬಂದಳು. "ನನ್ನಿಂದಾನೇ ಅಲ್ವೇನೇ ಕೆಟ್ಟಿದ್ದು?"

"ಇಲ್ಲ ಕಣಜ್ಜಿ, ಇರುವೆ ಸೇರ್ಕೊಂಬುಟ್ಟಿತ್ತು" ಅಂದಳು ಅಕ್ಕ, ಕಣ್ಣು ಮಿಟುಕಿಸದೆ.

ಅಜ್ಜಿ ಅವಳ ಕೈ ಹಿಡಿದು ಕೆಂಪಾಗಿದ್ದ ಬೆರಳುಗಳನ್ನೇ ನೋಡಿದಳು. "ಇರುವೇನೂ ಕುಂಕುಮ ಇಟ್ಕೊಂಡಿತ್ತೇನೇ, ಅಮ್ಮಣ್ಣಿ?"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಗುನಗುತ್ತಲೇ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಆರಿದ ಮುದ್ದೆಯನ್ನೇ ಎಳೆದುಕೊಂಡು ಉಂಡಳು.

ಈಗ ನನ್ನ ಲ್ಯಾಪ್‌ಟಾಪು ಕೆಟ್ಟರೆ ಸರ್ವಿಸಿನವರು ಒಯ್ದು ಸರಿಮಾಡಿ ತಂದುಕೊಡುತ್ತಾರೆ. ಏನು ಕೆಟ್ಟಿತ್ತು, ಯಾಕೆ ಕೆಟ್ಟಿತು, ಎಲ್ಲ ಇದ್ದದ್ದು ಇದ್ದಹಾಗೆ ಹೇಳುತ್ತಾರೆ. ಕೇಳುತ್ತ ನಿಂತಾಗ ಅಕ್ಕ ಹೇಳಿದ ಇರುವೆ ನೆನಪಾಗುತ್ತದೆ. ಸುಳ್ಳು ಹೇಳಿಯಾದರೂ ಉಣ್ಣಿಸಬೇಕಾದವರು ಯಾರೂ ಈಗ ಮನೆಯಲ್ಲಿಲ್ಲ.