ಹೆಪ್ಪು ಹಾಕಿದ ಮೀನಿನ ತೊಟ್ಟಿ

ಶುಕ್ರವಾರ ಬೆಳಿಗ್ಗೆ ಏಳೂಕಾಲು. ಬಚ್ಚಲ ಪಕ್ಕದ ನಲ್ಲಿ ಬುಸ್ಸೆಂದು ಗಾಳಿ ಉಗುಳಿ, ಆಮೇಲೆ ನೀರು ಬಿಟ್ಟಿತು. ಆ ದಿನಗಳಲ್ಲಿ ಮಂಡ್ಯದ ನಮ್ಮ ಬೀದಿಗೆ ನೀರು ಬರುತ್ತಿದ್ದದ್ದು ಮಂಗಳವಾರ, ಶುಕ್ರವಾರ ಮಾತ್ರ. ನಲ್ಲಿ ಬುಸುಗುಟ್ಟಿದರೆ ಮನೆಮಂದಿಯೆಲ್ಲ ಬಿಂದಿಗೆ ಹಿಡಿದು ಓಡಬೇಕು. ಅಂಥ ಬೀದಿಯಲ್ಲಿ ಬೆಳೆದವರಿಗೆ ಆ ಸದ್ದು ಗೊತ್ತಿರುತ್ತದೆ.

ನಾನಾಗ ಏಳನೇ ತರಗತಿ ಮುಗಿಸಿದ್ದೆ. ತಂಗಿ ಪವಿಗೆ ಆರು ತುಂಬಿತ್ತು. ಅವಳ ಹುಟ್ಟುಹಬ್ಬಕ್ಕೆಂದು ಅಪ್ಪ ಮದ್ದೂರಿನ ಬಣ್ಣದ ಮೀನಿನ ಅಂಗಡಿಯಿಂದ ಗಾಜಿನ ತೊಟ್ಟಿಯನ್ನೂ ಐದು ಕಿತ್ತಳೆ ಮೀನುಗಳನ್ನೂ ತಂದು ಹತ್ತು ದಿನವಾಗಿತ್ತು. ಜೊತೆಗೆ ಒಂದು ಪೊಟ್ಟಣ ವಡೆ. ಆ ಸಂಜೆ ನಡುಮನೆಯೆಲ್ಲ ಕರಿದ ಈರುಳ್ಳಿಯ ವಾಸನೆ. ಪವಿ ಐದಕ್ಕೂ ಹೆಸರಿಟ್ಟಳು. ಚೌಕಾಬಾರ ಆಡುವಾಗಲೂ ತೊಟ್ಟಿಯ ಕಡೆ ಮುಖ ಮಾಡಿಯೇ ಕೂರುತ್ತಿದ್ದಳು. ಹಾಗಾಗಿ ದಿನವೂ ನಾನೇ ಗೆಲ್ಲುತ್ತಿದ್ದೆ.

ಅಪ್ಪನ ತಾಯಿ, ನಮ್ಮಜ್ಜಿ, ಹಿಂದಿನ ದಿನವಷ್ಟೇ ಕೆರಗೋಡಿನಿಂದ ಬಂದಿದ್ದಳು. ಶುಕ್ರವಾರ ದೀಪ ಹಚ್ಚುವ ಮೊದಲು ಮನೆಯಲ್ಲಿ ಹಳೇ ನೀರು ಒಂದು ತೊಟ್ಟೂ ಉಳಿಯಬಾರದು, ಪಾತ್ರೆಯೆಲ್ಲ ಹುಣಸೆಹಣ್ಣು, ಬೂದಿ ಹಾಕಿ ಬೆಳಗಬೇಕು. ಅದು ಅವಳ ನೇಮ. ತೊಟ್ಟಿಯೂ ಅವಳ ಕಣ್ಣಿಗೆ ಒಂದು ಪಾತ್ರೆಯೇ.

"ಲೇ ಸುಮಿ, ನೋಡಿಲ್ಲಿ, ನೀರು ಮಬ್ಬಾಗೈತೆ. ಪಾಪದ ಮೀನ ಒಲಸಲ್ಲಿ ಇಟ್ಟವ್ನೆ ನಿಮ್ಮಪ್ಪ. ಬಾ, ಒಂದು ಕೈ ಆಕು."

ಮೀನುಗಳಿದ್ದ ಬಕೆಟ್ಟನ್ನು ನಾನು ಹಿಡಿದುಕೊಂಡೆ. ಅಜ್ಜಿ ಗಾಜು ಉಜ್ಜಿದಳು. ಕಲ್ಲುಗಳನ್ನು ಅಕ್ಕಿಯಂತೆ ನೀರು ತಿಳಿಯಾಗುವವರೆಗೆ ತೊಳೆದಳು. ನೀರು ಸೋಸುವ ಮೋಟರಿನ ಸ್ಪಂಜನ್ನು ಕಂದು ನೀರು ನಿಲ್ಲುವ ತನಕ ಹಿಂಡಿ ಹಿಂಡಿ ತೆಗೆದಳು. ಆಮೇಲೆ ನಲ್ಲಿಯಿಂದ ನೇರವಾಗಿ ನೀರು ತುಂಬಿದಳು. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯಿತು. 'ನಲ್ಲಿ ನೀರನ್ನ ಒಂದಿನ ಬಕೆಟ್ಟಲ್ಲಿ ಬಿಟ್ಟು ಆಮೇಲೆ ಹಾಕಿ' ಎಂದು ಅಂಗಡಿಯವರು ಅಪ್ಪನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಅಜ್ಜಿಗೆ ಹೇಳಲಿಲ್ಲ. ತೊಟ್ಟಿ ಅಷ್ಟು ಚೆನ್ನಾಗಿ ಹೊಳೆಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕಿವಿರು ಕೆಂಪಗೆ ಬೆಂದಂತಿತ್ತು. ದೀಪ ಹಚ್ಚುವಷ್ಟರಲ್ಲಿ ಎರಡು ತೇಲಿದವು. ಪವಿ ಅಳಲಿಲ್ಲ. ಗಾಜಿಗೆ ಅಂಗೈ ಒತ್ತಿಕೊಂಡು, "ಇನ್ನು ಮೂರೇ ಅಕ್ಕ" ಎಂದಳು.

ಸೋಮವಾರವಾದರೂ ಆ ಮೂರು ಚೇತರಿಸಿಕೊಳ್ಳಲಿಲ್ಲ. ಅಪ್ಪ ನನ್ನನ್ನು ಕರೆದುಕೊಂಡು, ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು, ಮದ್ದೂರಿನ ಬಸ್ಸು ಹತ್ತಿದ. ಅಂಗಡಿಯ ನವಾಜಣ್ಣ ಗಾಜಿನ ನಳಿಕೆಗೆ ಆ ನೀರು ಸುರಿದು, ಎರಡು ಸೀಸೆಗಳಿಂದ ಹನಿ ಹಾಕಿ ಕುಲುಕಿದರು. ನೀರು ಮಾವಿನೆಲೆಯ ಹಸಿರಾಯಿತು.

"ಹಳದಿ ಇದ್ರೆ ಕ್ಷೇಮ ಸಾರ್, ಹಸ್ರಾದ್ರೆ ಅಮೋನಿಯ. ಮೀನಿನ ಉಚ್ಚೇನೇ ಮೀನಿಗೆ ವಿಷ. ಮೊನ್ನೆ ಸತ್ತವು ಬ್ಲೀಚಿಂಗಿಗೆ. ಈಗ ಇದು. ಇದನ್ನ ತಿನ್ನೋ ಸಣ್ಣ ಜೀವ ಆ ಸ್ಪಂಜಲ್ಲಿ ಈಗಷ್ಟೇ ಹುಟ್ತಿದ್ವು. ಯಾರು ತೊಳ್ದಿದ್ದು?"

"ನಮ್ಮವ್ವ" ಎಂದ ಅಪ್ಪ.

"ಎಲ್ರ ಮನೇಲೂ ಒಬ್ರು ಅವ್ವ ಇರ್ತಾರೆ ಬುಡಿ."

ತಮ್ಮ ಹಳೆಯ ತೊಟ್ಟಿಯಿಂದ ಲೋಳೆಲೋಳೆಯಾದ ಕಪ್ಪು ಸ್ಪಂಜಿನ ತುಂಡೊಂದನ್ನು ಕತ್ತರಿಸಿ, ಅದೇ ನೀರಿನ ಜೊತೆ ಕವರಿಗೆ ಹಾಕಿ ಗಂಟು ಕಟ್ಟಿದರು. ತೊಳೆಯಬಾರದು, ಒಣಗಿಸಬಾರದು. ದಿನವೂ ಕಾಲು ಭಾಗ ನೀರು ತೆಗೆದು, ಒಂದು ದಿನ ಬಿಟ್ಟಿಟ್ಟ ನೀರು ಹಾಕಬೇಕು. ತಿಂಡಿ ಒಂದೇ ಚಿಟಿಕೆ. ನಳಿಕೆಯನ್ನೂ ಹನಿ ಸೀಸೆಗಳನ್ನೂ ಕೊಟ್ಟು ಕಳಿಸಿದರು.

ಮನೆಯಲ್ಲಿ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಥೂ! ಚರಂಡಿ ಬಟ್ಟೆ ಒತ್ಕಂಡು ಬಂದವ್ರಲ್ಲೇ! ಅಷ್ಟು ಬೆಳಗಿರೋ ತೊಟ್ಟಿಗೆ ಇದಾ?"

"ಇದರಲ್ಲಿ ಬ್ಯಾಕ್ಟೀರಿಯಾ ಇದೆ ಅಜ್ಜಿ. ಒಳ್ಳೇವು."

"ಒಳ್ಳೇ ಉಳಾನೂ ಇರ್ತದೇನೆ?"

"ಹಳೇ ತೊಟ್ಟಿದು ಒಂಚೂರು ಹಾಕಿದ್ರೆ ಹೊಸ ತೊಟ್ಟೀಲಿ ತಾನೇ ಬೆಳ್ಕೊಳುತ್ತಂತೆ. ನೀನು ತೊಳ್ದ ಸ್ಪಂಜಲ್ಲೂ ಇತ್ತಂತೆ."

ಅಜ್ಜಿ ಗೂಡಿನಲ್ಲಿದ್ದ ಮೊಸರಿನ ಕುಡಿಕೆಯನ್ನೇ ನೋಡುತ್ತಾ ನಿಂತಳು.

"ಎಪ್ಪು ಅನ್ನು ಮತ್ತೆ" ಎಂದಳು ಕೊನೆಗೆ. "ಎಪ್ಪಿನ ಬಟ್ಲನ್ನೇ ಬೆಳಗಿಕ್ಬುಟ್ನಲ್ಲೇ ನಾನು."

ಕವರು ಬಿಚ್ಚಿ, ಆ ಕಪ್ಪು ತುಂಡನ್ನು ಬರಿಗೈಯಲ್ಲಿ ಎತ್ತಿ ಅವಳೇ ತೊಟ್ಟಿಯಲ್ಲಿಟ್ಟಳು.

ಅಲ್ಲಿಂದ ತೊಟ್ಟಿಗೆ ಅವಳದೇ ಕಾವಲು. ಬಿಟ್ಟಿಟ್ಟ ಬಕೆಟ್ಟಿಗೆ ಬಗ್ಗಿ ಮೂಸುತ್ತಿದ್ದಳು. "ವಾಸ್ನೆ ಓಗೈತೆ, ಉಯ್ಯಿ." ಸಂಜೆ ನಾನು ಹನಿ ಹಾಕಿ ಕುಲುಕುವಾಗ ಮೂವರ ತಲೆಯೂ ಒಂದೆಡೆ ಸೇರುತ್ತಿತ್ತು. ಹಸಿರು. ಹಸಿರು. ಒಂದು ದಿನ ಮೂರರಲ್ಲಿ ಚಿಕ್ಕದು ಮಗ್ಗುಲಾಗಿ ಮಲಗಿಬಿಟ್ಟಿತು, ಕಿವಿರು ಮಾತ್ರ ಆಡುತ್ತಿತ್ತು. ಆ ದಿನ ಪವಿ ಮುದ್ದೆ ಮುಟ್ಟಲಿಲ್ಲ, ಅಜ್ಜಿಯೂ ಮುಟ್ಟಲಿಲ್ಲ. ರಾತ್ರಿ ಪವಿ ಎದ್ದು ಟಾರ್ಚು ಹಿಡಿದು ನೋಡುವಳು, ಅವಳ ಹಿಂದೆ ನಾನು, ನನ್ನ ಹಿಂದೆ ಅಜ್ಜಿ: "ಉಸುರಾಡ್ತಾವಾ?"

ಮುಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದೆ. ಈಗ ನನ್ನ ಮನೆಯಲ್ಲೂ ಒಂದು ತೊಟ್ಟಿ ಇದೆ. ಬ್ಲೀಚಿಂಗ್ ಕಳೆಯುವ ದ್ರವ ಸೀಸೆಯಲ್ಲಿ ಸಿಗುತ್ತದೆ, ನಲ್ಲಿ ದಿನವೂ ಬರುತ್ತದೆ, ಮೊಸರು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಬಟ್ಟಲು ಹಿಡಿದು ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗಿ ಎಷ್ಟು ವರ್ಷವಾಯಿತೋ. ಅಜ್ಜಿ ಇಲ್ಲ. ತೊಟ್ಟಿಗೆ ನೀರು ಹಾಕುವ ಮೊದಲು ನಾನು ಇವತ್ತಿಗೂ ಬಗ್ಗಿ ಮೂಸುತ್ತೇನೆ. ಸರಿಯಾಗಿದೆಯೆಂದು ಗೊತ್ತಿದ್ದರೂ ಇನ್ನೊಮ್ಮೆ ಮೂಸುತ್ತೇನೆ. 'ಉಯ್ಯಿ' ಎನ್ನುವವರು ಯಾರೂ ಇಲ್ಲ.

ಆ ಕಪ್ಪು ತುಂಡು ಇಟ್ಟ ಮೂರನೇ ವಾರದ ಗುರುವಾರ ಸಂಜೆ ನಳಿಕೆಯ ನೀರು ನಿಂಬೆಹಣ್ಣಿನಂತೆ ಹಳದಿಯಾಗಿ ನಿಂತಿತು. ಮೂರು ಮೀನುಗಳೂ ತಳದಲ್ಲಿ ಕಲ್ಲು ಕೆದಕುತ್ತಿದ್ದವು. ಮಾರನೆಯ ದಿನ ನಾನು ಕಣ್ಣು ಬಿಟ್ಟಾಗ ನಡುಮನೆಗೆ ಬಿಸಿಲು ಬಂದಿತ್ತು. ಟಾರ್ಚು ದಿಂಬಿನ ಪಕ್ಕ ಹಾಗೇ ಇತ್ತು. ಬಚ್ಚಲ ಕಡೆಯಿಂದ ಅಮ್ಮ ಕೂಗುತ್ತಿದ್ದಳು: "ಅಯ್ಯೋ ಅತ್ತೆ, ಸುಕ್ರವಾರ ಕಣತ್ತೆ! ನಲ್ಲಿ ಬಂದು ನಿಂತೂ ಓಗೈತೆ! ಒಂದು ಬಿಂದಿಗೆ ನೀರಿಲ್ಲ!"

ಚಾಪೆಯ ಮೇಲೆ ಪವಿ ಅಜ್ಜಿಯ ತೋಳಿನ ಮೇಲೆ ಬಾಯಿ ಬಿಟ್ಟುಕೊಂಡು ಮಲಗಿದ್ದಳು. ಅಜ್ಜಿ ಒಂದೇ ಕಣ್ಣು ತೆರೆದಳು.

"ಓಗ್ಲಿ ಬುಡವ್ವ. ಮೀನವ್ಕೆ ಬಕೀಟಲ್ಲಿ ಐತೆ" ಎಂದು ಮಗ್ಗುಲು ಬದಲಿಸಿದಳು.