ಮೂರನೇ ಹಾಡಿನ ನಡುವೆ ನನ್ನ ದನಿ

ನನ್ನ ಸಣ್ಣ ಮಗ ಮತ್ತು ಅವನ ಮೂವರು ಸ್ನೇಹಿತರು ತಮ್ಮ ಮೊದಲ ಕ್ಯಾಸೆಟ್ ಮಾಡಿದ್ದು ಶಿರಸಿ ಪೇಟೆಯ ನಮ್ಮ ಮನೆಯ ಮಾಳಿಗೆಯಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಗ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ. ಸುಟ್ಟ ಪಂಪ್‌ಸೆಟ್ಟಿನ ವಾಸನೆ ಅವನ ಅಂಗಿಯಿಂದ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ವಾರವಿಡೀ ಮೋಟಾರು, ಭಾನುವಾರ ಗಿಟಾರು. ಡ್ರಮ್ ಬಾರಿಸುವವನು ಎಕ್ಕಂಬಿಯವನು, ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಬಾರಿಸಿ ಕೈ ಪಳಗಿಸಿಕೊಂಡವನು. ಉಳಿದಿಬ್ಬರು ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದರು. ತಾವು ಬಾರಿಸುವುದಕ್ಕೆ ಥ್ರ್ಯಾಶ್ ಮೆಟಲ್ ಎನ್ನುತ್ತಾರೆಂದು ಮಗ ಹೇಳಿದ. ಹೆಸರು ಏನಾದರೂ ಇರಲಿ, ನನಗೆ ಅದು ತಗಡಿನ ಮೇಲೆ ತೆಂಗಿನಕಾಯಿ ಸುರಿದ ಹಾಗೆ ಕೇಳುತ್ತಿತ್ತು.

ನನ್ನ ಅಭಿಪ್ರಾಯವನ್ನು ಅವರು ಕೇಳಲಿಲ್ಲ. ಕೇಳದಿದ್ದರೂ ಹೇಳಿದೆ. ಬಾರಿಸುವುದು ಅಡ್ಡಿಯಿಲ್ಲ, ಹಾಡುವವನು ಮಾತ್ರ ಕಾಲಿನ ಮೇಲೆ ಒರಳುಕಲ್ಲು ಬಿದ್ದವನ ಹಾಗೆ ಕೂಗುತ್ತಾನೆ ಎಂದೆ.

"ಆಯಿ, ಹಾಂಗೇ ಕೂಗವು. ಅದೇ ಬೇಕಾದ್ದು" ಎಂದ ಮಗ.

ತಾಳಮದ್ದಳೆಗಳನ್ನು ರೆಕಾರ್ಡ್ ಮಾಡುತ್ತಿದ್ದ ಒಬ್ಬರ ಹತ್ತಿರ ಕಾಡಿ ಬೇಡಿ ಯಂತ್ರವನ್ನೂ ಎರಡು ಮೈಕುಗಳನ್ನೂ ತಂದರು. ಮಾಳಿಗೆಯ ಕಿಟಕಿಗಳಿಗೆ ನನ್ನ ಕಂಬಳಿ, ಹಾಸಿಗೆ ಎಲ್ಲ ಕಟ್ಟಿದರು. ಹೊರಗಿನ ಸದ್ದು ಒಳಗೆ ಬರಬಾರದಂತೆ. ಕಿಟಕಿಯನ್ನು ಮುಚ್ಚಿದವರು ಏಣಿ ಮೆಟ್ಟಿಲ ಬಾಯಿಯನ್ನು ಮುಚ್ಚಲಿಲ್ಲ. ಒಂದು ಮೈಕು ಅದರ ಪಕ್ಕದಲ್ಲೇ ನಿಂತಿತ್ತು. ಮೆಟ್ಟಿಲ ಕೆಳಗೆ ನನ್ನ ಅಡುಗೆಮನೆ.

ರೆಕಾರ್ಡ್ ಮಾಡಿದ ಹಿಂದಿನ ದಿನ ನನ್ನ ಮಗಳನ್ನು ನೋಡಲು ಯಲ್ಲಾಪುರದಿಂದ ಬಂದಿದ್ದರು. ಹುಡುಗ, ಅವನ ತಾಯಿ, ಇಬ್ಬರು ನೆಂಟರು. ಮಗಳಿಗೆ ಇಪ್ಪತ್ತೇಳು ದಾಟಿತ್ತು. ಬಂದ ಜಾತಕಗಳೆಲ್ಲ ಒಂದಲ್ಲ ಒಂದಕ್ಕೆ ತಿರುಗಿ ಹೋಗಿದ್ದವು. ಈ ಹುಡುಗ ಅವಳಿಗೆ ಹಿಡಿಸಿದ್ದ. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅವರು ಹೋದ ಮೇಲೆ ಎರಡು ಸಲ ಅಂಗಳದ ತುದಿಗೆ ಹೋಗಿ ರಸ್ತೆ ನೋಡಿದ್ದಳು. ಅಷ್ಟು ನನಗೆ ಸಾಕು.

ಮರುದಿನ ಪಕ್ಕದ ಮನೆಯವಳು ಅಡುಗೆಮನೆ ಬಾಗಿಲಿಗೆ ಬಂದು ನಿನ್ನೆಯ ಸುದ್ದಿ ಕೇಳಿದಳು. ಮೇಲೆ ಆ ಗಲಾಟೆ ನಡೆದಿತ್ತು. ಮೂಗಿನ ಹತ್ತಿರ ನಿಂತವಳಿಗೂ ಕೇಳುವುದಿಲ್ಲ, ಹಾಗಾಗಿ ನಾನು ಕೂಗಿಯೇ ಹೇಳುತ್ತಿದ್ದೆ. ಈ ಬಗೆಯ ಹಾಡಿಗೆ ಒಂದು ಕೆಟ್ಟ ಅಭ್ಯಾಸವಿದೆ. ಓಡುತ್ತ ಓಡುತ್ತ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ, ಒಂದಿಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಹೊರಡುತ್ತದೆ. ಅದು ನಿಂತಿತು. ನಾನು ನಿಲ್ಲಲಿಲ್ಲ.

"ಮೂರು ಸಲ ಪಾಯ್ಸ ಹಾಕ್ಸ್ಗ್ಯಂಡು, ಬಾಳೆಲೆ ಬಳ್ದು ತಿಂದ್ಕಂಡು, ಕಡಿಗೆ ಸಕ್ರೆ ಕಮ್ಮಿ ಹೇಳ್ತು ಆ ಯಲ್ಲಾಪುರದ ಹೆಂಗ್ಸು. ನಾಲ್ಗೆಯನ ಅದು, ಚಪ್ಪಲಿಯನ?"

ಮತ್ತೆ ಹಾಡು ಹೊರಟಿತು. ನಾನು ಮರೆತೆ. ವಾರದೊಳಗೆ ಯಲ್ಲಾಪುರದವರು ಒಪ್ಪಿಗೆ ಹೇಳಿ ಕಳಿಸಿದರು. ನಿಶ್ಚಯ ಆಯಿತು, ವೈಶಾಖಕ್ಕೆ ಮದುವೆ ಎಂದಾಯಿತು. ಆ ಹೆಂಗಸಿನ ಮೇಲಿದ್ದ ನನ್ನ ಸಿಟ್ಟೂ ಇಳಿದಿತ್ತು. ಸಕ್ಕರೆ ನಿಜವಾಗಿಯೂ ಕಡಿಮೆ ಬಿದ್ದಿತ್ತು.

ಕ್ಯಾಸೆಟ್ ಹೊರಬಂದದ್ದು ಶಿವರಾತ್ರಿ ಕಳೆದ ಮೇಲೆ. ಹೊದಿಕೆಯ ಹಿಂದೆ ನಮ್ಮ ಮನೆಯ ವಿಳಾಸ, ಅದರ ಕೆಳಗೆ "ನಿಮ್ಮ ಅನಿಸಿಕೆ ಬರೆಯಿರಿ" ಎಂಬ ಸಾಲು. ಬರೆದವರು ಬಹಳ ಮಂದಿ. ಮಗ ಅಂಗಡಿಗೆ ಹೋಗಿರುತ್ತಿದ್ದ, ಅಂಚೆಯವನು ನನ್ನ ಕೈಗೆ ಕೊಡುತ್ತಿದ್ದ. ನಾನು ನಾಲ್ಕನೇ ಇಯತ್ತೆವರೆಗೆ ಕಲಿತವಳು. ನಿಧಾನವಾಗಿ ಓದುತ್ತೇನೆ, ಆದರೆ ಬಿಡದೆ ಓದುತ್ತೇನೆ.

ಸಿದ್ದಾಪುರದಿಂದ ನಿವೃತ್ತ ಮಾಸ್ತರರೊಬ್ಬರು ಕಾರ್ಡು ಬರೆದಿದ್ದರು. ಮೊಮ್ಮಗ ತಂದು ಹಾಕಿದನಂತೆ. ಆ ದಿನ ಕೊಟ್ಟಿಗೆಯ ಆಕಳು ಹಾಲು ಇಳಿಸಲಿಲ್ಲವಂತೆ. ಭೈರುಂಬೆಯ ಒಬ್ಬ, ಇದು ಬಾವಿಯೊಳಗೆ ಕುಳಿತು ಬಾರಿಸಿದ ಹಾಗಿದೆ, ಮುಂದಿನ ಸಲ ಮೇಲೆ ಬಂದು ಬಾರಿಸಿ ಎಂದು ಬರೆದಿದ್ದ. ಮಂಗಳೂರಿನ ಕಾಲೇಜು ಹುಡುಗಿಯೊಬ್ಬಳು, ಒರಟಾಗಿದೆ, ಹಸಿಹಸಿಯಾಗಿದೆ, ಅದಕ್ಕೇ ದಿನಾ ಕೇಳುತ್ತೇನೆ ಎಂದಿದ್ದಳು. ಹಸಿಯಾದದ್ದನ್ನು ಯಾರಾದರೂ ದಿನಾ ತಿನ್ನುತ್ತಾರೆಯೇ ಎಂದು ನಾನು ಮಗನನ್ನು ಕೇಳಿದೆ. ಅವನು ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಅಂಚೆಯವನೂ ಕಾರ್ಡುಗಳನ್ನು ಓದಿಕೊಂಡೇ ಬರುತ್ತಿದ್ದ. "ಇವತ್ತಿಂದು ಬೈದದ್ದೇ ಅಮ್ಮಾ" ಎಂದು ಗೇಟಿನಲ್ಲೇ ಹೇಳಿಬಿಡುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಹಾವೇರಿ ಕಡೆಯ ಇಬ್ಬರು ತರುಣರು ವಿಳಾಸ ಹಿಡಿದು ಮನೆಗೇ ಬಂದರು. ಮಗ ಇರಲಿಲ್ಲ. ಕುಳಿತುಕೊಳ್ಳಿ ಎಂದು ಬೆಲ್ಲ, ನೀರು ಕೊಟ್ಟೆ.

"ಆ ಕ್ಯಾಸೆಟ್ ಮಾಡಿದ್ದು ಈ ಮನಿಯಾಗ ಏನ್ರಿ ಅಮ್ಮಾರ?" ಎಂದ ಒಬ್ಬ.

ಹೌದು ಎಂದೆ.

"ಹಾಡು ಸುಮಾರ್ ಅದಾವ್ರಿ. ಗಿಟಾರ್ ಶ್ರುತಿ ಸ್ವಲ್ಪ ಬಿಟ್ಟೈತಿ. ಆದ್ರ ಮೂರನೇ ಹಾಡಿನ್ಯಾಗ ನಡುವ ಒಬ್ಬಾಕಿ ಹೆಣ್ಮಗಳು ಬೈತಾಳಲ್ರಿ, ಅದು ಭಾಳ ಛಲೋ ಬಂದೈತ್ರಿ. ನಮ್ಮ ಹಾಸ್ಟೆಲ್ಲಿನ್ಯಾಗ ಎಲ್ಲಾರಿಗೂ ಬಾಯಿಪಾಠ ಆಗೈತಿ."

"ಎಂತ ಬೈತ್ಲು?"

ಅವನು ಎದೆಯುಬ್ಬಿಸಿ ನನ್ನ ಮಾತನ್ನು ನನಗೇ ಒಪ್ಪಿಸಿದ. ಪಾಯಸ, ಬಾಳೆ, ಯಲ್ಲಾಪುರ, ಚಪ್ಪಲಿ, ಒಂದೂ ಬಿಡಲಿಲ್ಲ. ನಮ್ಮ ಮಾತನ್ನು ಅವರ ರಾಗದಲ್ಲಿ ಹೇಳಿದ, ಅಷ್ಟೇ ವ್ಯತ್ಯಾಸ.

"ಆಕಿ ಯಾರ್ರಿ? ಒಮ್ಮೆ ನೋಡ್ಬೇಕಿತ್ರಿ" ಎಂದ ಇನ್ನೊಬ್ಬ.

"ನೋಡ್ತಾ ಇದ್ದೀರಿ" ಎಂದೆ. ಅವರು ಎದ್ದು ನಿಂತು ಕೈ ಮುಗಿದರು.

ಮಧ್ಯಾಹ್ನ ಊಟಕ್ಕೆ ಬಂದ ಮಗನನ್ನು ಬಾಳೆಲೆಯ ಮುಂದೆ ಕೂರಿಸುವ ಮೊದಲೇ ಟೇಪಿನ ಮುಂದೆ ಕೂರಿಸಿದೆ. ಮೂರನೇ ಹಾಡು ಹಾಕಿದ. ಅಷ್ಟೂ ಕ್ಯಾಸೆಟ್ಟಿನಲ್ಲಿ ಒಂದು ಶಬ್ದ ಬಿಡಿಸಿ ಕೇಳುವುದಿಲ್ಲ, ನನ್ನದು ಮಾತ್ರ ಗಂಟೆ ಹೊಡೆದ ಹಾಗೆ ಕೇಳಿತು.

"ಇದು ಬಂದದ್ದು ನಿಂಗೆ ಗೊತ್ತಿತ್ತನ?"

"ಗೊತ್ತಿತ್ತು ಆಯಿ. ಹಾಂಗೇ ಬಿಟ್ಯ. ಎಲ್ಲರಿಗೂ ಅದೇ ಚೊಲೋ ಕಂಡ್ತು."

"ಯಲ್ಲಾಪುರ ಹೇಳಿ ಊರಿನ ಹೆಸರು ಇದ್ದಲ, ಅದೂ ಚೊಲೋ ಕಂಡ್ತ?"

ಅವನ ಮುಖ ಆಗ ಇಳಿಯಿತು. ಅವನಿಗೆ ಅದು ಬರೀ ಸದ್ದಾಗಿತ್ತು. ಸದ್ದಿನೊಳಗೆ ತನ್ನ ಅಕ್ಕನ ಅತ್ತೆ ಇದ್ದಾಳೆಂದು ಹೊಳೆದೇ ಇರಲಿಲ್ಲ. ತಲೆ ತಗ್ಗಿಸಿ ಇನ್ನೂ ಒಂದು ವಿಷಯ ಹೇಳಿದ. ಹೋದ ವಾರ ಲಗ್ನಪತ್ರಿಕೆಯ ಮಾತಿಗೆ ಬಂದಾಗ ಭಾವನಾಗುವವನಿಗೆ ಒಂದು ಕ್ಯಾಸೆಟ್ ಕೊಟ್ಟು ಕಳಿಸಿದ್ದಾನೆ. ಕೇಳಿ ಹೇಗಿದೆ ಹೇಳಿ ಎಂದೂ ಹೇಳಿದ್ದಾನೆ.

ಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಳಲಿಲ್ಲ, ಕೂಗಾಡಲಿಲ್ಲ.

"ನಿನ್ನ ಬಾಯಿಂದ ಒಂದು ದಿನ ಏನಾದ್ರೂ ಆಗ್ತು ಹೇಳಿ ಅಪ್ಪಯ್ಯ ಯಾವಾಗ್ಲೂ ಹೇಳ್ತ. ಅದು ಯನ್ನ ಮದ್ವೆಗೇ ಆಗವಾಗಿತ್ತ ಆಯಿ?" ಎಂದು ಕೇಳಿ ಒಳಗೆ ಹೋದಳು.

 

ಯಜಮಾನರು ಸುಮ್ಮನಿರೋಣ ಎಂದರು. ಅವರ ಮನೆಯಲ್ಲಿ ಟೇಪು ಕೆಟ್ಟಿರಬಹುದು, ಹುಡುಗ ಮೊದಲ ಹಾಡಿಗೇ ತಲೆನೋವು ಬಂದು ನಿಲ್ಲಿಸಿರಬಹುದು ಎಂದರು. ಮಗ ಪೇಟೆಗೆ ಓಡಿದ. ಕ್ಯಾಸೆಟ್ ಅಂಗಡಿಯವನು, ಉಳಿದವನ್ನು ವಾಪಸ್ ಕೊಡುತ್ತೇನೆ, ಆದರೆ ಹೋದವುಗಳಿಂದ ಜನ ಒಂದರಿಂದ ಒಂದು ಕಾಪಿ ಮಾಡಿಕೊಂಡಿದ್ದಾರೆ, ಅವನ್ನು ಎಲ್ಲಿ ಹುಡುಕುವುದು ಎಂದನಂತೆ. ನಾನು ಎರಡು ದಿನ ಕಾದೆ. ಯಲ್ಲಾಪುರದಿಂದ ಕಾಗದವೂ ಇಲ್ಲ, ಫೋನೂ ಇಲ್ಲ. ಬೈದಿದ್ದರೆ ತಿಳಿಯುತ್ತಿತ್ತು. ಈ ಸುಮ್ಮನಿರುವುದು ನನ್ನಿಂದ ಆಗುವ ಕೆಲಸವಲ್ಲ. ಮೂರನೇ ದಿನ ಬೆಳಗಿನ ಬಸ್ಸು ಹತ್ತಿದೆ. ಮಗಳಿಗೆ ಹೇಳಿಯೇ ಹೊರಟೆ. ಹೋಗಬೇಡ ಎಂದೂ ಅವಳು ಹೇಳಲಿಲ್ಲ.

ಬಸ್ಸಿನಲ್ಲಿ ಏನು ಹೇಳಬೇಕೆಂದು ನಾಲ್ಕಾರು ರೀತಿ ಜೋಡಿಸಿಕೊಂಡೆ. ಹಾಡಿನವರು ಬೇರೆ ಯಾರದೋ ದನಿ ಸೇರಿಸಿದ್ದಾರೆ ಎನ್ನಬಹುದಿತ್ತು. ಯಲ್ಲಾಪುರದಲ್ಲಿ ಹೆಂಗಸರೇನು ಒಬ್ಬರೇ ಇದ್ದಾರೆಯೇ ಎನ್ನಬಹುದಿತ್ತು. ಸುಳ್ಳು ಹೇಳಿದರೆ ಅದನ್ನು ನೆನಪಿಟ್ಟುಕೊಳ್ಳಬೇಕು. ಮಗಳು ಜೀವಮಾನವಿಡೀ ಆ ಮನೆಯಲ್ಲಿ ಅದನ್ನು ಕಾಯುತ್ತ ಇರಬೇಕು. ಎಲ್ಲ ಬಿಟ್ಟೆ.

ನಾನು ಹೋದಾಗ ಬೀಗಿತ್ತಿ ಜಗಲಿಯಲ್ಲಿ ಕುಳಿತು ಹಲಸಿನಕಾಯಿ ಹಪ್ಪಳ ಒತ್ತುತ್ತಿದ್ದರು. ಬಂದದ್ದೇಕೆ ಎಂದು ಕೇಳಲಿಲ್ಲ. ಕಾಲು ತೊಳೆಯಲು ನೀರು, ಕುಡಿಯಲು ಮಜ್ಜಿಗೆ ಕೊಟ್ಟು ಮತ್ತೆ ಹಿಟ್ಟಿನ ಮುಂದೆ ಕುಳಿತರು. ನಾನೂ ಎದುರಿಗೆ ಕುಳಿತು ಉಂಡೆ ಕಟ್ಟಿಕೊಡತೊಡಗಿದೆ. ಕೈಗೆ ಕೆಲಸವಿದ್ದರೆ ಬಾಯಿ ಸರಿಯಾಗಿ ಆಡುತ್ತದೆ.

"ಅತ್ಗೆ, ಆನು ನಿಂಗ್ಳ ಬಗ್ಗೆ ಒಂದು ಕೆಟ್ಟ ಮಾತು ಆಡಿದ್ದೆ. ಅದು ಯನ್ನ ಮಾಣಿ ಕ್ಯಾಸೆಟ್ಟಲ್ಲಿ ಬಂಜು. ಅದನ್ನ ಹೇಳಲೆ ಬಂದೆ."

ಅವರು ಒತ್ತುತ್ತಿದ್ದ ಹಪ್ಪಳ ಮುಗಿಸಿ ಚಾಪೆಯ ಮೇಲೆ ಹಾಕಿದರು.

"ಕೇಳಿದ್ದೆ" ಎಂದರು.

"ಯಾವಾಗ?"

"ಎಂಟು ದಿನ ಆತು. ಯಮ್ಮನೆ ಮಾಣಿ ಹಾಕಿದ್ದ. ಮನೆ ಎಲ್ಲ ನಡಗ್ತು. ಬಂದ್ ಮಾಡು ಹೇಳಲೆ ಹೋದೆ. ಅಷ್ಟೊತ್ತಿಗೆ ಅದೇ ನಿಂತ್ತು, ನಿಂಗ್ಳ ದನಿ ಬಂತು. ಅಂವ ಗಡಬಡಿಸಿ ಗುಂಡಿ ಒತ್ತಿದ. ಆನು ಕೈ ಹಿಡ್ದು, ಇನ್ನೊಂದ್ಸಲ ಹಾಕು ಹೇಳ್ದೆ."

"ಬೇಜಾರಾತ?"

"ಆಗದೆ ಎಂತ. ಎರಡು ದಿನ ಯಾರ ಹತ್ರನೂ ಮಾತಾಡಿದ್ನಿಲ್ಲೆ."

ಉಂಡೆ ನನ್ನ ಕೈಯಲ್ಲೇ ಇತ್ತು. ಈಗ ಹೇಳುತ್ತಾರೆ, ಈ ಸಂಬಂಧ ಬೇಡ ಎಂದು ಹೇಳುತ್ತಾರೆ ಎಂದುಕೊಂಡೆ. ಮಗಳು ಮನೆಯಲ್ಲಿ ಏನು ಮಾಡುತ್ತಿರಬಹುದು ಎಂದೂ ಒಮ್ಮೆ ಮನಸ್ಸಿಗೆ ಬಂತು.

"ಮತ್ತೆ ಎಂತಕ್ಕೆ ಹೇಳಿ ಕಳಿಸಿದ್ರಿಲ್ಲೆ?" ಎಂದು ಕೇಳಿದೆ.

ಅವರು ಮೊಣಕೈಯಿಂದ ಮುಖದ ಬೆವರು ಒರೆಸಿಕೊಂಡರು. ಆಮೇಲೆ ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

"ನಿಂಗ್ಳ ಮನೆ ಕೂಸು ನೋಡಿ ವಾಪಸ್ ಬಪ್ಪಕ್ಕಿದ್ರೆ ಜೀಪಲ್ಲಿ ಆನು ನಿಂಗ್ಳ ಬಗ್ಗೆ ಎಂತ ಹೇಳಿದ್ದೆ ಗೊತ್ತಿದ್ದ? ಶಿರಸಿ ದಾಟದ್ರೊಳಗೆ ಶುರು ಮಾಡಿದ್ದೆ. ಜೀಪಲ್ಲಿ ಯಾರೂ ಮೈಕ್ ಇಟ್ಟಿದ್ವಿಲ್ಲೆ, ಅಷ್ಟೇಯ. ಅದು ನೆನಪಾತು. ಮೂರನೇ ದಿನ ಎದ್ದು ಮಾತಾಡ್ದೆ."

"ಎಂತ ಹೇಳಿದ್ರಿ?"

"ಅದು ಹೇಳ್ತ್ನಿಲ್ಲೆ."

"ಯನ್ನದ್ದು ಊರಿಗೆಲ್ಲ ಗೊತ್ತಾಜು. ನಿಂಗ್ಳದ್ದು ಹೇಳಲಕ್ಕಲ."

"ಹೇಳ್ತ್ನಿಲ್ಲೆ ಅತ್ಗೆ. ಹೇಳಿದ್ರೆ ನಿಂಗ ಮಗಳ ಕೊಡ್ತ್ರಿಲ್ಲೆ" ಎಂದು ಅವರು ಮುಂದಿನ ಉಂಡೆಗೆ ಕೈ ನೀಡಿದರು.

ನಾನು ಕೊಟ್ಟೆ. ಹಸಿವಾಗತೊಡಗಿತು. ಎರಡು ದಿನದಿಂದ ನಾನು ಸರಿಯಾಗಿ ಉಂಡಿರಲಿಲ್ಲ ಎಂಬುದು ಆಗ ತಿಳಿಯಿತು.

ಊಟದ ಹೊತ್ತಿಗೆ ಹುಡುಗ ಕೆಲಸದಿಂದ ಬಂದ. ನನ್ನನ್ನು ಕಂಡು ಬಾಗಿಲಲ್ಲೇ ನಿಂತ. ನಾನೂ ತಾಯಿಯೂ ಎದುರು ಬದುರು ಕುಳಿತು ತಿನ್ನುತ್ತಿರುವುದನ್ನು ನೋಡಿ ಉಸಿರು ಬಿಟ್ಟ. ಅವನೂ ಎಂಟು ದಿನದಿಂದ ಹೆದರಿಕೊಂಡೇ ಇದ್ದನಂತೆ. ಕ್ಯಾಸೆಟ್ ಹೇಗಿದೆ ಎಂದು ನನ್ನ ಮಗ ಕೇಳಿದರೆ ಏನು ಹೇಳುವುದು ಎಂದು ಗೊತ್ತಾಗದೆ ಫೋನನ್ನೂ ಮಾಡಿರಲಿಲ್ಲವಂತೆ. ಈಗ ಹೇಳು ಎಂದೆ. ಡ್ರಮ್ ಜೋರು, ಗಿಟಾರು ಸ್ವಲ್ಪ ಅಡಗಿಹೋಗಿದೆ, ಎರಡನೇ ಹಾಡು ಚೆನ್ನಾಗಿದೆ ಎಂದ. ಅವನ ತಾಯಿ ನಡುವೆ ಬಾಯಿ ಹಾಕಿ, ಹಾಡುವವನಿಗೆ ಯಾರಾದರೂ ಬಿಸಿನೀರಿಗೆ ಕಾಳುಮೆಣಸು ಹಾಕಿ ಕೊಡಿ ಎಂದರು. ಇದನ್ನು ನಾನು ಮಗನಿಗೆ ತಲುಪಿಸಿದ್ದೇನೆ.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟದ್ದಷ್ಟೇ ಗೊತ್ತು. ಶಿರಸಿ ಬಂತು ಎಂದು ಕಂಡಕ್ಟರು ಎರಡು ಸಲ ಕೂಗಿ ಎಬ್ಬಿಸಿದ.

ಮಗಳು ಜಗಲಿಯಲ್ಲೇ ಇದ್ದಳು. ಎದ್ದು ನನ್ನ ಮುಖ ನೋಡಿದಳು. ನಾನು ಸುತ್ತಿ ಬಳಸಿ ಹೇಳುವವಳಲ್ಲ.

"ಎಲ್ಲಾ ಸರಿ ಇದ್ದು. ಅವು ಕೇಳಿದ್ದ. ಸಿಟ್ಟಿಲ್ಲೆ" ಎಂದೆ.

ಅವಳು ಒಳಗೆ ಹೋಗಿ ಮದುವೆಗೆಂದು ತಂದ ರವಿಕೆ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ನೆಲದ ಮೇಲೆ ಹರಡಿದಳು. ಈ ಮೂರು ದಿನ ಅದನ್ನು ಮುಟ್ಟಿರಲಿಲ್ಲ.

"ಆಯಿ, ಕತ್ರಿ ಎಲ್ಲಿಟ್ಟಿದ್ದೆ?" ಎಂದು ಒಳಗಿನಿಂದ ಕೇಳಿದಳು.